ಪೆಡಿಕ್ಯೂರ್: ಕಾಲಿನ ವೈದ್ಯ ಬ್ಯೂಟಿ ಪಾರ್ಲರ್ ಸೇರಿದ ಕತೆ

ದಾವಣಗೆರೆಯ ಪಿ.ಜೆ. ಬಡಾವಣೆ, ವಿದ್ಯಾನಗರ, ಎಂ.ಸಿ.ಸಿ. ಬಿ ಬ್ಲಾಕ್ ಕಡೆ ಬ್ಯೂಟಿ ಪಾರ್ಲರ್‌ಗಳ ಬೋರ್ಡ್ ಓದುತ್ತಾ ಹೋಗಿ. ಥ್ರೆಡಿಂಗ್, ಫೇಶಿಯಲ್, ವ್ಯಾಕ್ಸಿಂಗ್ ಆದ ಮೇಲೆ ಪೆಡಿಕ್ಯೂರ್ ಅಂತ ಇದ್ದೇ ಇರುತ್ತದೆ. ಒಂದು ಕಾಲಕ್ಕೆ ಇದು ಬೆಂಗಳೂರಿನ ಮಾತಾಗಿತ್ತು. ಈಗ ಹರಿಹರ, ಚನ್ನಗಿರಿಯಂಥ ತಾಲ್ಲೂಕು ಊರುಗಳಲ್ಲೂ ಮದುಮಗಳ ಪ್ಯಾಕೇಜ್ ಅಂದರೆ ಅದರಲ್ಲಿ ಕಾಲಿನ ಕೆಲಸವೂ ಸೇರಿರುತ್ತದೆ. ಮದುವೆಗೆ ಮುಂಚೆ ಗಂಡುಮಕ್ಕಳೂ ಮಾಡಿಸಿಕೊಳ್ಳುತ್ತಾರೆ.

2025ರ ಸೆಪ್ಟೆಂಬರ್ 22ರಿಂದ ಸಲೂನ್, ಪಾರ್ಲರ್ ಸೇವೆಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಆದರೆ ಅಂಗಡಿಯವರು ಕ್ರೀಮು, ಸಾಮಾನುಗಳ ಮೇಲೆ ಕಟ್ಟಿದ ತೆರಿಗೆಯನ್ನು ಹಿಂದೆ ಪಡೆಯುವ ಅವಕಾಶ ಹೋಗಿದೆ. ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ಪಾರ್ಲರ್‌ಗಳು ಮೊದಲೂ ಜಿಎಸ್‌ಟಿ ಹಾಕುವ ಹಾಗಿರಲಿಲ್ಲ. ಹಾಗಾಗಿ ಮನೆಯ ಮುಂದಿನ ಕೋಣೆಯಲ್ಲಿ ಪಾರ್ಲರ್ ನಡೆಸುವವರ ರೇಟು ಈ ಬದಲಾವಣೆಯಿಂದ ಇಳಿದಿಲ್ಲ. ಇಳಿದಿದ್ದರೆ ದೊಡ್ಡ ಹೆಸರಿನ ಚೈನ್ ಸಲೂನ್‌ಗಳಲ್ಲಿ ಇಳಿದಿರಬೇಕು.

ತೆರಿಗೆ ವಿಷಯ ಎತ್ತಿದ್ದಕ್ಕೆ ಕಾರಣ ಇದೆ. ಕಾನೂನಿನ ಕಣ್ಣಲ್ಲಿ ಪೆಡಿಕ್ಯೂರ್ ಅಂದರೆ ಅಲಂಕಾರ. ಅಂಗಾಲಿನ ಗಟ್ಟಿ ಚರ್ಮವನ್ನು ಕ್ಲಿನಿಕ್ಕಿನಲ್ಲಿ ವೈದ್ಯರು ತೆಗೆದರೆ ಅದು ಚಿಕಿತ್ಸೆ, ಅದಕ್ಕೆ ಜಿಎಸ್‌ಟಿ ಇಲ್ಲ. ಅದನ್ನೇ ಪಾರ್ಲರ್‌ನಲ್ಲಿ ತೆಗೆದರೆ ಅದು ಸೌಂದರ್ಯ ಸೇವೆ, ತೆರಿಗೆ ಬೀಳುತ್ತದೆ. ಗೆರೆ ಅಷ್ಟು ಖಡಕ್ಕಾಗಿದೆ. ಆದರೆ ಈ ಪದ ಹುಟ್ಟಿದಾಗ ಗೆರೆಯ ಆಚೆ ಇತ್ತು, ಚಿಕಿತ್ಸೆಯ ಕಡೆ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಏನು ಕಳೆದುಹೋಯಿತು ಅನ್ನುವುದು ಶುಗರ್ ಇರುವವರು ಮನೆಮನೆಯಲ್ಲೂ ಸಿಗುವ ನಮ್ಮಂಥ ಊರಿಗೆ ಬಹಳ ಮುಖ್ಯ.

ಮೊದಲು ಪದ ಬಿಡಿಸಿ ನೋಡೋಣ. ಲ್ಯಾಟಿನ್‌ನಲ್ಲಿ ಪೆಸ್ ಅಂದರೆ ಪಾದ. ವಿಭಕ್ತಿ ಸೇರಿದಾಗ ಅದು ಪೆಡ್ ಆಗುತ್ತದೆ. ಕೂರಾ ಅಂದರೆ ಆರೈಕೆ, ಕಾಳಜಿ. ಎರಡೂ ಸೇರಿ ಫ್ರೆಂಚ್‌ನಲ್ಲಿ ಪೆಡಿಕ್ಯೂರ್ ಆಯಿತು, ಅಲ್ಲಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ನಮ್ಮ ಬೋರ್ಡಿಗೆ ಬಂತು. ಈ ಪೆಡ್ ನಮಗೆ ದೂರದ್ದೇನಲ್ಲ. ಸಂಸ್ಕೃತದ ಪಾದ, ಲ್ಯಾಟಿನ್ನಿನ ಪೆಡ್, ಗ್ರೀಕಿನ ಪೋಡ್, ಪರ್ಷಿಯನ್ನಿನ ಪಾಯ್, ಇಂಗ್ಲಿಷಿನ ಫುಟ್ ಎಲ್ಲ ಒಂದೇ ಬೇರಿನವು. ಸೈಕಲ್ಲಿನ ಪೆಡಲ್, ಪೈಜಾಮದ ಪೈ, ಫೋಟೋದವರ ಟ್ರೈಪಾಡ್, ನಮ್ಮ ತ್ರಿಪದಿ, ಎಲ್ಲದರಲ್ಲೂ ಅದೇ ಪಾದ ಕೂತಿದೆ. ಕನ್ನಡದ ಸ್ವಂತ ಪದಗಳಾದ ಅಡಿ, ಕಾಲು, ಹೆಜ್ಜೆ ಮಾತ್ರ ಬೇರೆ ಮನೆತನದವು.

ಕೂರಾ ಅನ್ನುವುದಕ್ಕೆ ಸರಿಹೊಂದುವ ಕನ್ನಡ ಪದ ಆರೈಕೆ. ಬಾಣಂತಿ ಆರೈಕೆ ಅಂತೀವಿ, ಗಾಯಕ್ಕೆ ಆರೈಕೆ ಮಾಡಬೇಕು ಅಂತೀವಿ. ಲಿಪ್‌ಸ್ಟಿಕ್ ಹಚ್ಚಿಕೊಳ್ಳುವುದನ್ನು ಯಾರೂ ಆರೈಕೆ ಅನ್ನುವುದಿಲ್ಲ, ಅಲ್ವಾ? ಗುಣಪಡಿಸುವುದು ಅನ್ನುವ ಅರ್ಥದ ಕ್ಯೂರ್ ಕೂಡ ಇದೇ ಕೂರಾದಿಂದ ಬಂದದ್ದು. ನಮ್ಮ ಕಡೆ ಕೆಲವರು ಪೆಡಿಕೇರ್ ಅಂತಲೂ ಹೇಳುತ್ತಾರೆ. ಕೇರ್‌ಗೂ ಕೂರಾಗೂ ಹುಟ್ಟಿನಲ್ಲಿ ನಂಟಿಲ್ಲ. ಆದರೂ ಹೀಗೆ ಹೇಳುವವರು ಅರ್ಥವನ್ನು ಸರಿಯಾಗಿಯೇ ಹಿಡಿದಿದ್ದಾರೆ.

ಇನ್ನು ಇತಿಹಾಸ. ಹದಿನೆಂಟನೇ ಶತಮಾನದ ಫ್ರಾನ್ಸ್‌ನಲ್ಲಿ ಪೆಡಿಕ್ಯೂರ್ ಅಂದರೆ ಮಾಡಿಸಿಕೊಳ್ಳುವ ಸೇವೆ ಅಲ್ಲ, ಒಬ್ಬ ಮನುಷ್ಯ. ಕಾಲಿನ ಆಣಿ ಕೊಯ್ಯುವವನು, ಒಳಗೆ ಬೆಳೆದ ಉಗುರು ತೆಗೆಯುವವನು, ಹುಣ್ಣಿಗೆ ಮುಲಾಮು ಹಚ್ಚುವವನು. ಹದಿನಾರನೇ ಲೂಯಿ ದೊರೆಗೆ ಲಾಫೊರೆ ಅನ್ನುವ ಪಾದದ ಸರ್ಜನ್ ಇದ್ದ. 1780ರ ದಶಕದಲ್ಲಿ ಪಾದದ ಆರೈಕೆ ಕುರಿತು ಅವನು ಪುಸ್ತಕವನ್ನೇ ಬರೆದ. ಅದೇ ಹೊತ್ತಿಗೆ, 1785ರಲ್ಲಿ, ಲಂಡನ್ನಿನ ಡೇವಿಡ್ ಲೋ ಇದೇ ಕಸುಬಿಗೆ ಕೈರೋಪೊಡಿಸ್ಟ್ ಅನ್ನುವ ಪದ ಕಟ್ಟಿದ. ಬೀದಿಯಲ್ಲಿ ಕೂಗುತ್ತಾ ಹೋಗುವ ಆಣಿ ಕೊಯ್ಯುವವರಿಗಿಂತ ತಾವು ಬೇರೆ ಎಂದು ತೋರಿಸಿಕೊಳ್ಳಲು ಇವರಿಗೆಲ್ಲ ಭಾರವಾದ ಹೆಸರು ಬೇಕಿತ್ತು. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್‌ಗೂ ಕಾಲಿನ ಕಾಟ ಇತ್ತು. 1862ರಲ್ಲಿ, ಅಂತರ್ಯುದ್ಧ ನಡೆಯುತ್ತಿರುವಾಗಲೇ, ಐಸಾಕರ್ ಜಕಾರಿ ಎಂಬ ಪಾದ ಚಿಕಿತ್ಸಕನಿಗೆ ಅವರು ತಮ್ಮ ಕೈಯಾರೆ ಮೆಚ್ಚುಗೆಯ ಪತ್ರ ಬರೆದುಕೊಟ್ಟರು.

ಇಂಗ್ಲಿಷರು ಪೆಡಿಕ್ಯೂರ್ ಪದ ತೆಗೆದುಕೊಂಡಿದ್ದು ಹತ್ತೊಂಬತ್ತನೇ ಶತಮಾನದ ಮೊದಲ ಅರ್ಧದಲ್ಲಿ. ಆಗಲೂ ಅದರ ಅರ್ಥ ಕಾಲಿನ ವೈದ್ಯ ಎಂದೇ. ಆ ಶತಮಾನದ ಕೊನೆಗೆ ಕೈ ಉಗುರಿನ ಅಂದ ಮಾಡುವ ಮ್ಯಾನಿಕ್ಯೂರ್ ಜನಪ್ರಿಯವಾಯಿತು. ಜೋಡಿಯಂತೆ ಕೇಳುವ ಪೆಡಿಕ್ಯೂರ್ ಕೂಡ ಮೆಲ್ಲಗೆ ಅದರ ಬೆನ್ನು ಹತ್ತಿತು. ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದ ಪಾದ ವೈದ್ಯರು ಪೋಡಿಯಾಟ್ರಿಸ್ಟ್ ಎಂಬ ಹೊಸ ಹೆಸರು ಇಟ್ಟುಕೊಂಡು, ಕಾಲೇಜು ಕಟ್ಟಿಕೊಂಡು, ಬೇರೆ ಮನೆ ಮಾಡಿಕೊಂಡರು. ನೋವಿನ ಕೆಲಸವೆಲ್ಲ ಹೊಸ ಪದದ ಜೊತೆ ಹೋಯಿತು. ಹಳೆಯ ಪದಕ್ಕೆ ಉಳಿದದ್ದು ಉಗುರು ಬಣ್ಣ, ಸ್ಕ್ರಬ್, ಮಸಾಜ್. 1932ರಲ್ಲಿ ರೆವ್ಲಾನ್ ಕಂಪನಿ ಶುರುವಾಗಿದ್ದೇ ಉಗುರು ಬಣ್ಣದಿಂದ. ಬೆರಳು ಕಾಣುವ ಸ್ಯಾಂಡಲ್ ಬಂದ ಮೇಲೆ ಕಾಲಿನ ಉಗುರಿಗೂ ಬಣ್ಣದ ಮಾರುಕಟ್ಟೆ ತೆರೆಯಿತು.

ಎಲ್ಲ ಕಡೆ ಹೀಗಾಗಲಿಲ್ಲ. ಫ್ರಾನ್ಸ್‌ನಲ್ಲಿ ಇವತ್ತಿಗೂ ಪೆಡಿಕ್ಯೂರ್-ಪೊಡೊಲೋಗ್ ಅಂದರೆ ಮೂರು ವರ್ಷ ಓದಿ ಸರ್ಕಾರಿ ಡಿಪ್ಲೊಮಾ ಪಡೆದ ಆರೋಗ್ಯ ವೃತ್ತಿಯವರು. ನೆದರ್‌ಲೆಂಡ್ಸ್‌ನಲ್ಲಿ ಪೆಡಿಕ್ಯೂರ್ ಅಂದರೆ ಈಗಲೂ ಒಬ್ಬ ವ್ಯಕ್ತಿಯೇ. ಅಲ್ಲಿ ಶುಗರ್ ಇರುವವರ ಕಾಲು ನೋಡಲು ಹೆಚ್ಚಿನ ತರಬೇತಿ ಪಡೆದ ಮೆಡಿಕಲ್ ಪೆಡಿಕ್ಯೂರ್ ಬೇರೆ ಇದ್ದಾರೆ. ಜರ್ಮನಿ 2002ರಲ್ಲಿ ಪೊಡೊಲೋಗ್ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ತರಬೇತಿ ಇಲ್ಲದವರು ಅಲ್ಲಿ ಆ ಹೆಸರು ಹಾಕಿಕೊಳ್ಳುವಂತಿಲ್ಲ. ನಮಗೆ ಬಂದದ್ದು ಮಾತ್ರ ಇಂಗ್ಲಿಷಿನ ದಾರಿಯಲ್ಲಿ, ಆರೈಕೆ ಕಳಚಿ ಅಂದ ಮಾತ್ರ ಉಳಿದ ಮೇಲೆ.

ನಮ್ಮಲ್ಲಿ ಕಾಲಿನ ಆರೈಕೆ ಇರಲಿಲ್ಲ ಅಂತಲ್ಲ. ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವುದು, ಆಮೇಲೆ ಮಾತು. ಅಂಗಾಲಿಗೆ ಹರಳೆಣ್ಣೆ ತಿಕ್ಕಿ ಮಲಗುವುದು, ಬಚ್ಚಲಲ್ಲಿ ಹಿಮ್ಮಡಿ ಉಜ್ಜಲು ಒಂದು ಒರಟು ಕಲ್ಲು ಇಟ್ಟುಕೊಳ್ಳುವುದು ಎಲ್ಲ ಮನೆಯ ರೂಢಿ. ಅಂಗಾಲಿಗೆ ಎಣ್ಣೆ ತಿಕ್ಕುವುದರಿಂದ ಒರಟುತನ, ಒಣಗುವಿಕೆ, ಸ್ಪರ್ಶ ತಿಳಿಯದ ಜೋಮು ಕಳೆಯುತ್ತವೆ ಎಂದು ಚರಕ ಸಂಹಿತೆ ಹೇಳುತ್ತದೆ. ಜೋಮು ಹಿಡಿದ ಕಾಲನ್ನು ಆ ಕಾಲದವರೂ ಗಮನಿಸಿದ್ದರು.

ಕಸುಬಾಗಿ ಈ ಕೆಲಸ ಮಾಡಿದವರು ಹಡಪದ, ಸವಿತಾ ಸಮಾಜದವರು. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಅವರೂ ಒಬ್ಬರು. ಕ್ಷೌರದ ಜೊತೆಗೆ ಕೈಕಾಲಿನ ಉಗುರು ತೆಗೆಯುತ್ತಿದ್ದರು, ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದರು. ಮದುವೆಯಲ್ಲಿ ಉಗುರು ತೆಗೆಯುವ ಶಾಸ್ತ್ರ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಇದೆ. ಆದರೆ ಇನ್ನೊಬ್ಬರ ಪಾದ ಮುಟ್ಟುವುದನ್ನು ಪೂಜೆಯಲ್ಲಿ ದೊಡ್ಡದು ಎಂದು ಒಪ್ಪಿದ ಸಮಾಜ, ಅದೇ ಕೆಲಸವನ್ನು ಕೂಲಿಯಲ್ಲಿ ಕೀಳು ಮಾಡಿತು. ಅದಕ್ಕೇ ಹಳ್ಳಿಯಲ್ಲಿದ್ದ ಈ ಜ್ಞಾನ ಗೌರವದ ವೃತ್ತಿಯಾಗಿ ಬೆಳೆಯಲಿಲ್ಲ. ಪಾರ್ಲರ್ ಬಂದ ಮೇಲೆ ಕುರ್ಚಿ, ಫ್ಯಾನು, ರೇಟ್ ಕಾರ್ಡ್, ಜೊತೆಗೊಂದು ಇಂಗ್ಲಿಷ್ ಹೆಸರು ಸಿಕ್ಕಿತು. ಕಾಲು ಮುಟ್ಟುವ ಕೆಲಸಕ್ಕೆ ಕೈಗೆ ನೇರ ದುಡ್ಡು ಬರುವ ಹಾಗಾಯಿತು. ಇದು ಒಳ್ಳೆಯದೇ. ದಾವಣಗೆರೆಯಲ್ಲಿ ಎಷ್ಟೋ ಹೆಣ್ಣುಮಕ್ಕಳ ಮನೆ ನಡೆಯುವುದು ಈ ದುಡಿಮೆಯಿಂದ. ಅವರ ಕೆಲಸವನ್ನು ಹಗುರ ಮಾಡಿ ಮಾತಾಡುವುದನ್ನು ನಾನು ಒಪ್ಪುವುದಿಲ್ಲ. ನನ್ನ ತಕರಾರು ಬೇರೆ: ಅವರ ಕೈಗೆ ಕೊಟ್ಟ ತರಬೇತಿ ಅರ್ಧದ್ದು.

ಪಾರ್ಲರ್‌ನಲ್ಲಿ ನಡೆಯುವುದನ್ನೇ ನೋಡಿ. ಟಬ್ಬಿನಲ್ಲಿ ಬಿಸಿನೀರು, ಅದಕ್ಕೊಂದಿಷ್ಟು ಶಾಂಪೂ, ಉಪ್ಪು. ಕಾಲು ಹತ್ತು ಹದಿನೈದು ನಿಮಿಷ ನೆನೆಯಬೇಕು. ಚರ್ಮ ಬಿಳಿಚಿ ಮೆತ್ತಗಾದ ಮೇಲೆ ಉಗುರು ಕತ್ತರಿಸಿ, ಅಂಚಿನ ಸಣ್ಣ ಚರ್ಮವನ್ನು ಕಡ್ಡಿಯಿಂದ ಹಿಂದಕ್ಕೆ ತಳ್ಳಿ ಕತ್ತರಿಸುತ್ತಾರೆ. ಹಿಮ್ಮಡಿಯನ್ನು ಉಜ್ಜುಗದಿಂದ ಉಜ್ಜುತ್ತಾರೆ. ಜಾಸ್ತಿ ಗಟ್ಟಿ ಇದ್ದರೆ ಬ್ಲೇಡ್ ಹಾಕಿದ ಹಿಡಿಯಿಂದ ಹೆರೆಯುತ್ತಾರೆ. ಆಮೇಲೆ ಸ್ಕ್ರಬ್, ಕ್ರೀಮು, ಮಸಾಜ್, ಬಣ್ಣ. ಆರೋಗ್ಯವಾಗಿರುವ ಕಾಲಿಗೆ ಇದರಿಂದ ತೊಂದರೆ ಕಡಿಮೆ, ಹಿತ ಜಾಸ್ತಿ.

ಈಗ ಅದೇ ಕುರ್ಚಿಯಲ್ಲಿ ಬಹಳ ವರ್ಷದಿಂದ ಶುಗರ್ ಇರುವ ಹಿರಿಯರೊಬ್ಬರನ್ನು ಕೂರಿಸಿ. ಮಗಳ ಮದುವೆ ಅಂತ ಮನೆಯವರೆಲ್ಲ ಬಂದಾಗ ಅಮ್ಮನನ್ನೂ ಕರೆತಂದಿರುತ್ತಾರೆ. ಪಾರ್ಲರ್ ಹುಡುಗಿ ಕೇಳುತ್ತಾಳೆ: "ನೀರು ಬಿಸಿ ಜಾಸ್ತಿ ಆತೇನ್ರಿ ಅಮ್ಮ?" ಅವರು ಹೇಳುತ್ತಾರೆ: "ಇಲ್ಲ ಬಿಡವ್ವ, ಆರಾಮೈತಿ." ಇಬ್ಬರೂ ಸುಳ್ಳು ಹೇಳಿಲ್ಲ. ಆದರೆ ಆ ಉತ್ತರವನ್ನು ನಂಬುವ ಹಾಗಿಲ್ಲ. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಸಾಯುತ್ತಾ ಬರುತ್ತವೆ. ಮೊದಲು ಅಂಗಾಲು ಉರಿ, ಇರುವೆ ಹರಿದಾಡಿದ ಹಾಗೆ, ಆಮೇಲೆ ಜೋಮು. ಕೊನೆಗೆ ಚಪ್ಪಲಿ ಜಾರಿಹೋದದ್ದೂ ಗೊತ್ತಾಗುವುದಿಲ್ಲ. ಬಿಸಿ, ಚುಚ್ಚು, ಕೊಯ್ತ ಯಾವುದೂ ಮೆದುಳಿಗೆ ಮುಟ್ಟುವುದಿಲ್ಲ. ರಕ್ತ ಓಡಾಟವೂ ಕುಗ್ಗಿದ್ದರೆ ಸಣ್ಣ ಗಾಯ ಕೂಡ ಮಾಯುವುದಿಲ್ಲ. ಅದು ಹುಣ್ಣಾಗಿ, ಕೀವಾಗಿ, ಮೂಳೆಗೆ ಇಳಿದು, ಬೆರಳು ತೆಗೆಯುವ ಮಾತು ಬರುತ್ತದೆ.

ಈ ಅಪಾಯದಲ್ಲಿರುವವರು ಎಷ್ಟು ಮಂದಿ? ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನೆರವಿನಲ್ಲಿ ನಡೆದ ಅಧ್ಯಯನ 2023ರಲ್ಲಿ ಹೊರಬಂತು. ಅದರ ಅಂದಾಜಿನ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅವರೆಲ್ಲರ ಕಾಲು ಕೆಡುತ್ತದೆ ಅಂತಲ್ಲ. ಆದರೆ ಅಷ್ಟೂ ಜನರ ಕಾಲನ್ನು ವರ್ಷಕ್ಕೊಮ್ಮೆಯಾದರೂ ಯಾರಾದರೂ ಕೈಯಲ್ಲಿ ಹಿಡಿದು ನೋಡಬೇಕು.

ನೋವೇ ಇಲ್ಲದಿರುವುದು ಎಷ್ಟು ದೊಡ್ಡ ಕಾಯಿಲೆ ಅನ್ನುವುದು ಗೊತ್ತಾದದ್ದು ನಮ್ಮ ದಕ್ಷಿಣ ಭಾರತದಲ್ಲೇ. ಕುಷ್ಠರೋಗದಲ್ಲಿ ಬೆರಳುಗಳು ರೋಗದಿಂದಲೇ ಕರಗಿ ಉದುರುತ್ತವೆ ಎಂದು ಮೊದಲು ಜನ ನಂಬಿದ್ದರು. ವೆಲ್ಲೂರಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಸರ್ಜನ್ ಪಾಲ್ ಬ್ರ್ಯಾಂಡ್, ಸ್ಪರ್ಶ ಸತ್ತ ಕೈಕಾಲಿಗೆ ಮತ್ತೆ ಮತ್ತೆ ಆಗುವ ಗಾಯವೇ ಇದಕ್ಕೆ ಕಾರಣ ಎಂದು ತೋರಿಸಿಕೊಟ್ಟರು. ಎಂಸಿಆರ್ ಚಪ್ಪಲಿ ಅಂತ ಒಂದಿದೆ. ಒಳಗೆ ಮೆತ್ತನೆಯ ರಬ್ಬರ್, ಕೆಳಗೆ ಮುಳ್ಳು ತೂರದ ಗಟ್ಟಿ ಅಟ್ಟೆ, ಹಿಂದೆ ಪಟ್ಟಿ. ಸ್ಪರ್ಶ ಸತ್ತ ಕಾಲಿನ ಮೇಲೆ ಭಾರ ಹಂಚಿಹೋಗುವಂತೆ ಮಾಡಿದ ಚಪ್ಪಲಿ ಅದು. ಕುಷ್ಠರೋಗ ಕಾರ್ಯಕ್ರಮದಲ್ಲಿ ಸರ್ಕಾರವೇ ಅದನ್ನು ಕೊಡುತ್ತದೆ. ಶುಗರ್ ಕಾಲಿಗೂ ವೈದ್ಯರು ಅದನ್ನೇ ಬರೆಯುತ್ತಾರೆ. ಆದರೆ ನೋಡಿದವರು ಏನಂದುಕೊಳ್ಳುತ್ತಾರೋ ಎಂದು ಮದುವೆ ಮನೆಗೆ ಅದನ್ನು ಹಾಕಿಕೊಂಡು ಹೋಗಲು ಜನ ಹಿಂಜರಿಯುತ್ತಾರೆ. ಅಂದದ ಕಾಲಿಗೆ ಸಿಕ್ಕ ಮರ್ಯಾದೆ ಆರೋಗ್ಯದ ಕಾಲಿಗೆ ಸಿಕ್ಕಿಲ್ಲ.

ಶುಗರ್ ಇಲ್ಲದವರೂ ಒಂದು ಸಂಗತಿ ತಿಳಿದಿರಬೇಕು. 2000ದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ಊರಿನ ಒಂದು ನೇಲ್ ಸಲೂನ್‌ಗೆ ಹೋದ ನೂರಕ್ಕೂ ಹೆಚ್ಚು ಜನರ ಕಾಲಿನಲ್ಲಿ ಕುರು ಎದ್ದವು. ತಿಂಗಳುಗಟ್ಟಲೆ ವಾಸಿಯಾಗಲಿಲ್ಲ. ತನಿಖೆ ಮಾಡಿದಾಗ ನೀರು ಸುತ್ತಿಸುವ ಟಬ್ಬಿನ ಜಾಲರಿಯ ಹಿಂದೆ ಕೂದಲು, ಚರ್ಮದ ಚೂರು ಕಟ್ಟಿಕೊಂಡಿತ್ತು. ಕ್ಷಯದ ರೋಗಾಣುವಿನ ಬಳಗಕ್ಕೆ ಸೇರಿದ ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಂ ಅಲ್ಲಿ ಬೆಳೆದಿತ್ತು. ಪೆಡಿಕ್ಯೂರ್‌ಗೆ ಮುಂಚೆ ಕಾಲಿನ ಕೂದಲು ಶೇವ್ ಮಾಡಿಕೊಂಡವರಿಗೆ ತೊಂದರೆ ಜಾಸ್ತಿ ಆಗಿತ್ತು. ಶೇವಿಂಗ್‌ನ ಕಣ್ಣಿಗೆ ಕಾಣದ ಗೀರುಗಳೇ ರೋಗಾಣುವಿಗೆ ಬಾಗಿಲು. ನಮ್ಮ ಸಣ್ಣ ಪಾರ್ಲರ್‌ಗಳ ಪ್ಲಾಸ್ಟಿಕ್ ಟಬ್ ಈ ವಿಷಯದಲ್ಲಿ ದುಬಾರಿ ಜಕೂಜಿ ಕುರ್ಚಿಗಿಂತ ಮೇಲು. ಅದರಲ್ಲಿ ಪೈಪಿಲ್ಲ, ಜಾಲರಿಯಿಲ್ಲ, ತಿಕ್ಕಿ ತೊಳೆದರೆ ಪೂರ್ತಿ ಸ್ವಚ್ಛವಾಗುತ್ತದೆ.

ಮೀನಿನ ಟಬ್ಬಿಗೆ ಆ ಅನುಕೂಲ ಇಲ್ಲ. ಟರ್ಕಿಯ ಕಂಗಾಲ್‌ನ ಬಿಸಿನೀರಿನ ಬುಗ್ಗೆಯಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗ ಇರುವವರ ಚರ್ಮ ತಿನ್ನುತ್ತಿದ್ದ ಗಾರಾ ರೂಫಾ ಮೀನುಗಳನ್ನು ಮಾಲ್‌ಗಳಿಗೆ ತಂದಿಟ್ಟದ್ದು ಫಿಶ್ ಸ್ಪಾ. ಕತ್ತರಿಯನ್ನು ಕುದಿಸಬಹುದು, ಜೀವಂತ ಮೀನನ್ನು ಕುದಿಸಲಾಗುವುದಿಲ್ಲ. ಒಬ್ಬರ ಕಾಲಿನಿಂದ ಇನ್ನೊಬ್ಬರ ಕಾಲಿಗೆ ಅವೇ ಮೀನು, ಅದೇ ನೀರು. ಅಮೆರಿಕದ ಹಲವು ರಾಜ್ಯಗಳು ಇದನ್ನು ನಿಷೇಧಿಸಿವೆ. ಶುಗರ್ ಇರುವವರು ಇದರ ಹತ್ತಿರ ಹೋಗಬಾರದು ಎಂದು ಬ್ರಿಟನ್ನಿನ ಆರೋಗ್ಯ ರಕ್ಷಣಾ ಸಂಸ್ಥೆಯವರು 2011ರಲ್ಲೇ ಹೇಳಿದ್ದಾರೆ.

ಶುಗರ್ ಇರುವವರು ಏನು ಮಾಡಬೇಕು? ಕಾಲನ್ನು ಹೊತ್ತುಗಟ್ಟಲೆ ನೀರಿನಲ್ಲಿ ನೆನೆಸಬಾರದು. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಬೆರಳ ಸಂದಿಯನ್ನು ಒಣಗಿದ ಬಟ್ಟೆಯಿಂದ ಒರೆಸಬೇಕು. ನೀರಿನ ಬಿಸಿಯನ್ನು ಅವರ ಕಾಲಲ್ಲ, ಬೇರೆಯವರ ಮೊಣಕೈ ನೋಡಬೇಕು. ಹಿಮ್ಮಡಿಗೆ ಎಣ್ಣೆ, ಕ್ರೀಮು ಹಚ್ಚಬಹುದು, ಸಂದಿಗೆ ಬೇಡ. ಉಗುರನ್ನು ನೇರವಾಗಿ ಕತ್ತರಿಸಬೇಕು. ಮೂಲೆಯನ್ನು ಒಳಗೆ ಕೊರೆದರೆ ಉಗುರು ಮಾಂಸದೊಳಗೆ ಬೆಳೆಯುತ್ತದೆ. ಆಣಿಗೆ ಬ್ಲೇಡ್ ಹಾಕಬಾರದು, ಮೆಡಿಕಲ್ ಶಾಪಿನ ಕಾರ್ನ್ ಪಟ್ಟಿಯೂ ಬೇಡ. ಅದರಲ್ಲಿರುವ ಆಸಿಡ್ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು. ನಮ್ಮ ಮನೆಗಳಲ್ಲಿ ಇದು ಕಷ್ಟದ ಮಾತು ಅಂತ ಗೊತ್ತು. ಒಳಗೆ ಹಾಕಿಕೊಳ್ಳಲು ಬೇರೆ ಒಂದು ಜೊತೆ ಇಟ್ಟುಕೊಂಡರೆ ದೇವರ ಮನೆಯ ಶುದ್ಧಕ್ಕೂ ಧಕ್ಕೆ ಇಲ್ಲ. ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಬೇಕು. ಬಗ್ಗಲಾಗದ ಹಿರಿಯರ ಕಾಲನ್ನು ಮಕ್ಕಳು, ಮೊಮ್ಮಕ್ಕಳು ನೋಡಲಿ.

ಇಷ್ಟೆಲ್ಲ ಪೇಟೆಯ ಕಾಲಿನ ಮಾತಾಯಿತು. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ದಾವಣಗೆರೆ, ಹರಿಹರ, ಹೊನ್ನಾಳಿ ಕಡೆ ನಾಟಿ ಮಾಡುವ ಹೆಂಗಸರು ದಿನವಿಡೀ ಕೆಸರಲ್ಲಿ ನಿಲ್ಲುತ್ತಾರೆ. ಬೆರಳ ಸಂದಿ ಬೆಳ್ಳಗಾಗಿ ಸೀಳಿ ಕೆಸರುಹುಣ್ಣಾಗುತ್ತದೆ. ರಾತ್ರಿ ಮದರಂಗಿ ಸೊಪ್ಪು ಅರೆದು ಹಚ್ಚಿಕೊಂಡು ಬೆಳಿಗ್ಗೆ ಮತ್ತೆ ಗದ್ದೆಗೆ ಇಳಿಯುತ್ತಾರೆ. ಮಂಡಕ್ಕಿ ಭಟ್ಟಿಯಲ್ಲಿ ಕಾವಿನ ಮುಂದೆ ನಿಲ್ಲುವವರು, ಜಗಳೂರು, ಚಳ್ಳಕೆರೆ ಕಡೆ ಕುರಿ ಹಿಂದೆ ಕಲ್ಲುಮುಳ್ಳಿನಲ್ಲಿ ಅಲೆಯುವವರ ಹಿಮ್ಮಡಿಯ ಬಿರುಕು ನೋಡಿದರೆ ಕಾಲು ಎಷ್ಟು ದುಡಿದಿದೆ ಅಂತ ತಿಳಿಯುತ್ತದೆ. ಪೆಡಿಕ್ಯೂರ್ ತನ್ನ ಹಳೆಯ ಅರ್ಥದಲ್ಲಿ ಮೊದಲು ಬೇಕಾದದ್ದು ಇವರಿಗೆ. ಆದರೆ ಆ ಬೋರ್ಡು ತಮಗೂ ಸೇರಿದ್ದು ಅಂತ ಇವರಲ್ಲಿ ಯಾರಿಗೂ ಅನಿಸುವುದಿಲ್ಲ.

ದಾವಣಗೆರೆಯಲ್ಲಿ ಆಸ್ಪತ್ರೆಗೆ ಕೊರತೆ ಇಲ್ಲ. 1965ರಲ್ಲೇ ಮೆಡಿಕಲ್ ಕಾಲೇಜು ಕಂಡ ಊರು ಇದು. ಬಳ್ಳಾರಿ, ಹಾವೇರಿ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಕೊರತೆ ಇರುವುದು ನಡುವಿನ ಮೆಟ್ಟಿಲಿಗೆ. ಒಂದು ತುದಿಯಲ್ಲಿ ಪಾರ್ಲರ್, ಇನ್ನೊಂದು ತುದಿಯಲ್ಲಿ ಸರ್ಜನ್. ಗಟ್ಟಿ ಚರ್ಮ, ಒಳಗೆ ತಿರುಗಿದ ಉಗುರು, ಸಣ್ಣ ಬಿರುಕು ಇಂಥದ್ದನ್ನು ತೋರಿಸಲು ಜಾಗ ಇಲ್ಲದೆ ಜನ ಸುಮ್ನೆ ಇರುತ್ತಾರೆ. ಗಾಯ ಕೊಳೆತ ಮೇಲೆ ಸರ್ಜನ್ ಹತ್ತಿರ ಓಡುತ್ತಾರೆ. ಶುಗರ್, ಹಾರ್ಮೋನು ಕಾಯಿಲೆಗಳನ್ನು ನೋಡುವ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಆಂಡ್ ರಿಸರ್ಚ್‌ನಲ್ಲಿ ಪಾದಕ್ಕೆಂದೇ ವಿಭಾಗ ಇದೆ. ಅಂಥದ್ದು ಜಿಲ್ಲಾ ಆಸ್ಪತ್ರೆಗಳಿಗೆ ಬರಬೇಕು. ಅದು ಬರುವವರೆಗೆ ಆಗುವ ಕೆಲಸವೂ ಇದೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಬಾಗಿಲಿಗೆ ಬಂದು 30 ದಾಟಿದವರ ಬಿಪಿ, ಶುಗರ್ ನೋಡುತ್ತಾರೆ. ಶುಗರ್ ಇದೆ ಅಂತ ಗೊತ್ತಾದ ಪ್ರತಿ ಮನೆಯಲ್ಲೂ ಚಪ್ಪಲಿ ಬಿಡಿಸಿ ಅಂಗಾಲು ತಿರುಗಿಸಿ ನೋಡುವುದು ತಪ್ಪಬಾರದು.

ಅದಕ್ಕೆ ಬೇಕಾದ ಸಲಕರಣೆ ದೊಡ್ಡದಲ್ಲ. ಮೊನೊಫಿಲಮೆಂಟ್ ಅನ್ನುವ ಒಂದು ನೈಲಾನ್ ಎಳೆ. ರೋಗಿ ಕಣ್ಣು ಮುಚ್ಚಿರಬೇಕು. ಎಳೆಯ ತುದಿಯನ್ನು ಹೆಬ್ಬೆರಳು, ಬೆರಳ ಬುಡ, ಹೀಗೆ ಕೆಲವು ಕಡೆ ಊರುತ್ತಾರೆ. ಎಳೆ ಬಾಗುವಷ್ಟು ಒತ್ತಿದರೆ 10 ಗ್ರಾಂ ಭಾರ ಬಿದ್ದ ಹಾಗೆ. "ಮುಟ್ಟಿದ್ದು ಗೊತ್ತಾತೇನ್ರಿ?" ಅಂತ ಕೇಳಬೇಕು. ಗೊತ್ತಾಗಲಿಲ್ಲ ಅಂದರೆ ಆ ಕಾಲು ಅಪಾಯದಲ್ಲಿದೆ. ಇಡೀ ಪರೀಕ್ಷೆ ಒಂದೆರಡು ನಿಮಿಷದ್ದು, ನೋವಿಲ್ಲ, ರಕ್ತ ತೆಗೆಯುವುದಿಲ್ಲ.

ಇದನ್ನು ಪಾರ್ಲರ್‌ನವರಿಗೂ ಯಾಕೆ ಕಲಿಸಬಾರದು? ಐಟಿಐಗಳಲ್ಲಿ ಕಾಸ್ಮೆಟಾಲಜಿ ಒಂದು ವರ್ಷದ ಕೋರ್ಸ್ ಆಗಿದೆ. ಸೌಂದರ್ಯ ಕ್ಷೇತ್ರದ ಕೌಶಲ್ಯ ತರಬೇತಿಯಲ್ಲಿ ಪೆಡಿಕ್ಯೂರಿಸ್ಟ್ ಎಂಬ ಹುದ್ದೆಗೇ ಪಠ್ಯ ಇದೆ. ಒಂದು ಕಾಲಕ್ಕೆ ಮನುಷ್ಯನ ಹೆಸರಾಗಿದ್ದ ಪೆಡಿಕ್ಯೂರ್ ಸೇವೆಯ ಹೆಸರಾದ ಮೇಲೆ, ಮನುಷ್ಯನನ್ನು ಕರೆಯಲು ಮತ್ತೆ ಒಂದು ಬಾಲ ಅಂಟಿಸಬೇಕಾಯಿತು. ಆ ಪಠ್ಯದಲ್ಲಿ ಮೊನೊಫಿಲಮೆಂಟ್ ಪರೀಕ್ಷೆಗೆ ಒಂದು ಪಾಠ ಇರಲಿ. ಜೋಮು ಹಿಡಿದ ಕಾಲು ಕಂಡರೆ ಬ್ಲೇಡ್ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಬರೆದುಕೊಡುವ ಚೀಟಿ ಇರಲಿ. ಸವಿತಾ ಸಮಾಜದ ಹುಡುಗರನ್ನು, ಪಾರ್ಲರ್ ನಡೆಸುವ ಹೆಣ್ಣುಮಕ್ಕಳನ್ನು ಜಿಲ್ಲಾ ಆಸ್ಪತ್ರೆಯಲ್ಲೇ ಕೂರಿಸಿ ಕಲಿಸಲಿ. ಕುರ್ಚಿಯಲ್ಲಿ ಕೂತವರನ್ನು ಯಾವ ಬಣ್ಣ ಬೇಕು ಅಂತ ಕೇಳುವ ಮುಂಚೆ ಅವರು ಕೇಳಬೇಕಾದ ಮೊದಲ ಪ್ರಶ್ನೆ ಇದು: "ಶುಗರ್ ಐತೇನ್ರಿ?"